ಖಾಲಿ ಕಳಿಸಬಾರದ ಡಬ್ಬಿ

ಆ ಡಬ್ಬಿ ಅವತ್ತು ನಮ್ಮ ಪಡಸಾಲೆಯ ಗೋಡೆಗೂಡಿನಲ್ಲಿ ಇತ್ತೋ ಇಲ್ಲವೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಕಣ್ಣು ಮುಚ್ಚಿದರೆ ಕಾಣುತ್ತದೆ. ಸ್ಟೀಲಿನ ಡಬ್ಬಿ, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಗಂಡ ಹೆಂಡಿರ ಹೆಸರು, ಪಕ್ಕದಲ್ಲಿ ನನ್ನ ಕನ್ನಡಕದ ಪೆಟ್ಟಿಗೆ. ಆದರೆ ನಾನು ಕನ್ನಡಕ ಹಾಕಿಕೊಳ್ಳತೊಡಗಿದ್ದು ಇದೆಲ್ಲ ಮುಗಿದ ಮೇಲೆ. ಅಂದರೆ ಆ ಚಿತ್ರದೊಳಗೆ ಒಂದು ಸುಳ್ಳಂತೂ ಬಂದು ಕೂತಿದೆ. ಹಾಗಿದ್ದ ಮೇಲೆ ಉಳಿದದ್ದನ್ನು ಎಷ್ಟು ನಂಬಬೇಕು?

ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಶಾಸನ ಇರಲಿ, ಪ್ರವಾಸಿಯ ಬರಹ ಇರಲಿ, ಇದನ್ನು ಹೇಳುತ್ತಿರುವವರು ಯಾರು, ಎಷ್ಟು ದಿನದ ಮೇಲೆ ಹೇಳಿದರು, ಹೇಳಿದ್ದರಿಂದ ಅವರಿಗೇನು ಉಪಯೋಗ ಎಂದು ಮೊದಲು ಕೇಳುವುದನ್ನು ಅಲ್ಲಿ ಕಲಿಸಿದರು. ಗದಗಿನ ಕಾಲೇಜಿನಲ್ಲಿ ಪಾಠ ಮಾಡುವಾಗ ಆ ಚಟ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಅದಕ್ಕೆ ಬೆಲೆಯಿಲ್ಲ. "ಉಪ್ಪು ಉಪ್ಪಾಗೇ ಐತಿ ಅಂದ್ರೂ ನಿನಗ ಸಾಕ್ಷಿ ಬೇಕು" ಎನ್ನುತ್ತಾಳೆ ಅವ್ವ.

ನಮ್ಮ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿದೆ. ಅಪ್ಪ ಇರುವತನಕ ಕೆಳಗಿನ ಕೋಣೆಯಲ್ಲಿ ಮಗ್ಗ ಆಡುತ್ತಿತ್ತು. ಈಗ ಮಗ್ಗದ ಗುಂಡಿಗೆ ಹಲಗೆ ಹಾಸಿ ಅದರ ಮೇಲೆ ನನ್ನ ಪುಸ್ತಕದ ಕಪಾಟು ಇಟ್ಟಿದ್ದೇವೆ. ಓಣಿಯ ಉಳಿದ ಕೆಲವು ಮನೆಗಳಲ್ಲಿ ಮಗ್ಗಗಳು ಇನ್ನೂ ಸಪ್ಪಳ ಮಾಡುತ್ತವೆ. ನಮ್ಮ ಮೇಲಂತಸ್ತು ಖಾಲಿ ಬಿದ್ದಿತ್ತು. ಅದನ್ನು ಬಾಡಿಗೆಗೆ ಕೇಳಿಕೊಂಡು ಒಂದು ದಿನ ಆಪಾ ಬಂದರು. ಲಕ್ಷ್ಮೇಶ್ವರದ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದ ಹೆಂಗಸು. ಮುಸಲ್ಮಾನರ ಮನೆಯ ಮಕ್ಕಳು ಅಕ್ಕ ಎಂಬರ್ಥದಲ್ಲಿ ಆಪಾ ಎಂದು ಕರೆಯುತ್ತಿದ್ದದ್ದೇ ಇಡೀ ಊರಿಗೆ ಹೆಸರಾಗಿತ್ತು. ಅವ್ವನ ತವರೂ ಲಕ್ಷ್ಮೇಶ್ವರ. ಬಂದವರು ಕೂರುವ ಮೊದಲೇ ಇಬ್ಬರೂ ಒಂದೇ ಬಾವಿಯ ನೀರು ಕುಡಿದವರೆಂದು ಪತ್ತೆಯಾಯಿತು.

"ಬಾಡಿಗಿ ಕೇಳಾಕ ಬಂದೀನ್ರಿ. ಆದ್ರ ಬೋರ್ಡ್ ಹಾಕಂಗಿಲ್ಲ" ಎಂದರು ಆಪಾ.

"ಬೋರ್ಡ್ ಇಲ್ಲದ ಏನ್ ಮಾಡ್ತೀರಿ? ಕಳ್ಳಭಟ್ಟಿ ಕಾಸೋರೇನು?" ಅವ್ವ ನಕ್ಕಳು.

"ಭಟ್ಟಿ ಕುಡದು ಹೊಡಿಯೋರ ಕೈಯಾಗಿಂದ ತಪ್ಪಿಸಿಕೊಂಡು ಬಂದ ಹೆಣ್ಣುಮಕ್ಕಳನ್ನ ಇಡ್ತೀವ್ರಿ."

"ಕುಡೀಲಾರದವ್ರೂ ಹೊಡೀತಾರ."

"ಅವ್ರ ಹೆಂಡ್ರನ್ನೂ ಇಡ್ತೀವಿ. ಅವ್ರನ್ನ ಮದ್ಲ ಇಡ್ತೀವಿ" ಎಂದರು ಆಪಾ.

ಹೀಗೆ ನಮ್ಮ ಮೇಲಂತಸ್ತು ಆಶ್ರಯದ ಮನೆಯಾಯಿತು. ಸಂಸ್ಥೆಯ ಕಚೇರಿ ಗದಗಿನಲ್ಲಿ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿತ್ತು. ಹೆಣ್ಣುಮಕ್ಕಳು ಮಲಗುವ ಮನೆ ಮಾತ್ರ ಯಾರಿಗೂ ಗೊತ್ತಾಗಬಾರದು. ಆಸ್ಪತ್ರೆಗೋ ಕೋರ್ಟಿಗೋ ಹೋಗುವುದಿದ್ದರೆ ಕಚೇರಿಯಿಂದಲೇ ಹೊರಟಂತೆ ಕಾಣಬೇಕು. ಊರಿನವರ ಜೊತೆ ಮಾತಾಡುವುದಿದ್ದರೆ ಆಪಾ ಅವರ ಫೋನು. ಓಣಿಗೆ ನಾವು ಹೇಳಿದ್ದು, ಮೇಲೆ ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲ್ ಇದೆ ಎಂದು. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಎಷ್ಟು ಸಲೀಸಾಗಿ ಗುಟ್ಟು ಉಳಿಯಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಆಕೆ ಬಂದದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಗಂಡನ ಮನೆ ಶಿರಹಟ್ಟಿ, ತವರು ಹೊಳೆದಂಡೆಯ ಹಮ್ಮಿಗಿ. ಎಡಗೈ ಮಣಿಕಟ್ಟಿಗೆ ಪ್ಲಾಸ್ಟರು. ಸೆರಗು ಹಿಡಿದುಕೊಂಡೇ ಮೆಟ್ಟಿಲು ಹತ್ತಿದ ಸಣ್ಣ ಮಗಳು. ಗಂಡನಿಗೆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇತ್ತು, ಊರಲ್ಲಿ ಒಳ್ಳೆಯ ಹೆಸರಿತ್ತು. ಅವನ ಬಗ್ಗೆ ಆಕೆ ನನ್ನೆದುರು ಹೇಳಿದ್ದು ಸ್ವಲ್ಪವೇ.

"ಅವ ದನಿ ಏರಸಂಗಿಲ್ರಿ ಅಣ್ಣಾರ. ಬಾಗಲಾ ಹಾಕ್ಕೊಂಡು ಸಾವಕಾಶ ಮಾತಾಡ್ತಾನ. ಅದಕ್ಕ ನಾ ಹೇಳಿದ್ದು ಯಾರೂ ನಂಬಂಗಿಲ್ಲ."

ಆಕೆ ಇದಕ್ಕೂ ಮೊದಲು ಒಂದು ಸಲ ತವರಿಗೆ ಓಡಿಬಂದಿದ್ದಳಂತೆ. ಹಿರಿಯರು ಸೇರಿ ರಾಜಿ ಮಾಡಿಸಿದರು. ಆಕೆಯ ಅಣ್ಣನೇ ಮುಂದೆ ನಿಂತು ಕರೆದುಕೊಂಡು ಹೋಗಿ ಗಂಡನ ಮನೆಯಲ್ಲಿ ಬಿಟ್ಟು ಬಂದ. ಕೈ ಮುರಿದದ್ದು ಆಮೇಲೆ. ಹಾಗಾಗಿ ಈ ಸಲ ಹಮ್ಮಿಗಿಗೆ ಹೋಗುವಂತಿರಲಿಲ್ಲ. ಆಪಾ ಸಂರಕ್ಷಣಾಧಿಕಾರಿಯನ್ನು ಕಂಡು, ವಕೀಲರನ್ನು ಹಿಡಿದು, ಗದಗಿನ ಕೋರ್ಟಿನಲ್ಲಿ ಅರ್ಜಿ ಹಾಕಿಸಿದ್ದರು. ಗಂಡ ಹತ್ತಿರ ಸುಳಿಯಬಾರದು, ತಾಯಿ ಮಗಳು ಬೇರೆ ಇರಲು ಕೋಣೆಯ ಬಾಡಿಗೆ ಅವನೇ ಕೊಡಬೇಕು ಎಂದು. ವಿಚಾರಣೆಯ ದಿನ ಗೊತ್ತಾಗಿತ್ತು. ಅಲ್ಲಿಯವರೆಗೆ ಆಕೆ ಅವನ ಕೈಗೆ, ಅಣ್ಣನ ಕೈಗೆ, ಹಿರಿಯರ ಕೈಗೆ ಸಿಗಬಾರದು. ಸಿಕ್ಕರೆ ಮತ್ತೆ ರಾಜಿ, ಮತ್ತೆ ಅದೇ ಬಾಗಿಲು. ಎಲ್ಲ ನಿಂತದ್ದು ಇಷ್ಟರ ಮೇಲೆ.

ಆದರೆ ಆಕೆ ಊಟ ಮಾಡುತ್ತಿರಲಿಲ್ಲ. ಮಗುವೂ ಅಷ್ಟೆ, ಅಜ್ಜಿಯ ರೊಟ್ಟಿ ಬೇಕು ಎಂದು ಹಟ. ಅವ್ವನ ರೊಟ್ಟಿಯನ್ನು ಮೂಸಿ ನೋಡಿ "ಇದು ಬ್ಯಾರೆ ಐತಿ" ಎಂದು ಪಕ್ಕಕ್ಕಿಟ್ಟಿತು. ಅವ್ವನಿಗೆ ಅವಮಾನವಾಯಿತು. ಆಗ ನಾನೇ ಹೇಳಿದೆ, ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನನಗೆ ಬುತ್ತಿ ಬಸ್ಸಿನಲ್ಲೇ ಬರುತ್ತಿತ್ತು, ಕಂಡಕ್ಟರನ ಕೈಗೆ ಕೊಟ್ಟರೆ ಸಾಕು, ಹಮ್ಮಿಗಿಯಿಂದಲೂ ಹಾಗೆ ತರಿಸಬಹುದು ಎಂದು. ನಾನೇ ಹೇಳಿದೆನೋ, ಅವ್ವ ನನ್ನ ಹಳೆಯ ಬುತ್ತಿಯ ಮಾತೆತ್ತಿದಳೋ? ನಾನೇ ಹೇಳಿದ್ದಿರಬೇಕು.

ಆಪಾ ಮೊದಲು ಒಪ್ಪಲಿಲ್ಲ. ಮೂರು ಹೊತ್ತೂ ನೀರು ಕುಡಿದು ಮಲಗುವ ಮಗುವನ್ನು ನೋಡಿ ಕೊನೆಗೆ ಒಪ್ಪಿದರು. "ಬುತ್ತಿ ಬರ್ಲಿ. ವಿಳಾಸ ಹೋಗಬಾರದು. ಪ್ರೊಫೆಸರ್ ಸಾಹೇಬ್ರ, ಬಸ್ ಸ್ಟ್ಯಾಂಡಿನಾಗ ನೀವ ಇಸಗೊಂಡು ಬರ್ರಿ. ಯಾರಿದು, ಎಲ್ಲಿಗೆ ಅಂತ ಕೇಳಿದ್ರ?"

"ಅಳಿಯಂದು ಅಂತೀನಿ. ಹಾಸ್ಟೆಲ್‌ದಾಗ ಅದಾನ ಅಂತೀನಿ."

"ಸುಳ್ಳು ಹೇಳಾಕ ಬರ್ತೈತಿ ಹಂಗಾರ. ಚಲೋ ಆತು."

ವಾರಕ್ಕೊಮ್ಮೆ ಮುಂಡರಗಿಯ ಮೇಲೆ ಬರುವ ಬಸ್ಸಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕಂಡಕ್ಟರ್ ಕಿಟಕಿಯಿಂದಲೇ "ಸರ್ರ, ನಿಮ್ಮ ಬುತ್ತಿ ಬಿಸಿ ಬಿಸಿ ಐತಿ, ದಾರಿಗುಂಟ ಘಮಾ ತಡೀಲಾರದ ಡ್ರೈವರ್ ಗಾಡಿ ಓಡಸ್ಯಾನ" ಎಂದು ಚೇಷ್ಟೆ ಮಾಡುತ್ತಿದ್ದ. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ ಇಲ್ಲವೆ ಪುಂಡಿಪಲ್ಯ. ಆ ಡಬ್ಬಿ ಆಕೆಯ ಮದುವೆಯಲ್ಲಿ ಕೊಟ್ಟ ಭಾಂಡೆಗಳಲ್ಲಿ ಒಂದು. ಹಿಂದಿನ ಸಲ ತವರಿಗೆ ಬಂದಾಗ ತಂದದ್ದು ಅಲ್ಲೇ ಉಳಿದಿತ್ತಂತೆ. ಹೆಸರು ಕೊರೆಸಿದ್ದರಿಂದ ಅದನ್ನು ನಾನು ಬಟ್ಟೆಯ ಚೀಲದಲ್ಲಿ ಮುಚ್ಚಿಕೊಂಡು ತರುತ್ತಿದ್ದೆ. ಮಗಳು ಉಂಡಳು. ಮಗಳು ಉಂಡದ್ದನ್ನು ನೋಡಿ ತಾಯಿಯೂ ಉಂಡಳು.

ತೊಡಕಾದದ್ದು ಡಬ್ಬಿ ತಿರುಗಿ ಹೋಗುವಾಗ. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಖಾಲಿ ಕಳಿಸುವುದಿಲ್ಲ. ಒಂದು ಹಿಡಿ ಏನಾದರೂ ಹಾಕಲೇಬೇಕು. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ಕೈ ತಾನೇ ಮಾಡುತ್ತದೆ. ವಿಳಾಸ ಹೋಗಬಾರದೆಂದು ಅಷ್ಟು ಎಚ್ಚರ ವಹಿಸಿದ ನಮಗೆ ಯಾರಿಗೂ ಹೊಳೆಯಲಿಲ್ಲ, ಹಾಕಿದ ಆ ಒಂದು ಹಿಡಿಯೂ ಒಂದು ವಿಳಾಸವೇ ಎಂದು. ಒಂದು ವಾರ ಶೇಂಗಾ ಹೋಯಿತು. ಒಂದು ವಾರ ಪುಟಾಣಿ. ಒಂದು ವಾರ ಬಣ್ಣದ ನೂಲಿನ ಉಂಡೆ.

ಮಗ್ಗದಲ್ಲಿ ಸೀರೆ ಇಳಿಸಿದ ಮೇಲೆ ಉಳಿಯುವ ತುಂಡು ನೂಲನ್ನು ನಮ್ಮ ಓಣಿಯ ಹೆಂಗಸರು ಎಸೆಯುವುದಿಲ್ಲ. ಗಂಟು ಹಾಕಿ ಉಂಡೆ ಸುತ್ತಿ ಇಡುತ್ತಾರೆ. ಕೌದಿ ಹೊಲಿಯುವವರಿಗೆ ಅದು ಬಲು ಬೇಕಾದ ವಸ್ತು. ಗಟ್ಟಿ, ಬಣ್ಣ ಹೋಗುವುದಿಲ್ಲ. ಹಮ್ಮಿಗಿಯ ಅಜ್ಜಿ ಮೊಮ್ಮಗಳಿಗೆಂದು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಾಳೆ ಎಂದು ಫೋನಿನಲ್ಲಿ ಕೇಳಿದ್ದೆವು. ಅದಕ್ಕೇ ಉಂಡೆ ಹೋಯಿತು.

ಹಾಕಿದವರು ಯಾರು? ಅವ್ವ ಹಾಕಿದಳು ಎಂದು ನನ್ನ ನೆನಪು. ಅಡುಗೆಮನೆಯ ಬಾಗಿಲಲ್ಲಿ ನಿಂತು ಉಂಡೆಯನ್ನು ಡಬ್ಬಿಯೊಳಗೆ ಒತ್ತಿ ಮುಚ್ಚಳ ಹಾಕಿದ ಅವಳ ಹೆಬ್ಬೆರಳೂ ನೆನಪಿದೆ. ಅವ್ವ ಹೇಳುತ್ತಾಳೆ, "ನೀನ ಹಾಕಿದಿ. ನಾ ಹೊರಗ ಇದ್ದೆ." ಆ ಹೆಣ್ಣುಮಗಳನ್ನು ಕೇಳಿದಾಗ ತಡವಿಲ್ಲದೆ ಅಂದಳು, "ನಾನ ಹಾಕೀನ್ರಿ. ಅಮ್ಮಾರಿಗೆ ಏನೂ ಅನಬ್ಯಾಡ್ರಿ." ಇತಿಹಾಸದ ವಿದ್ಯಾರ್ಥಿಗೆ ಮೂರು ಸಾಕ್ಷಿ ಸಿಕ್ಕರೆ ಹಬ್ಬ. ನನಗೆ ಮೂರೂ ಅನುಮಾನ. ಆಕೆಯದಂತೂ ಅವ್ವನನ್ನು ಉಳಿಸಲಿಕ್ಕೆ ಹೇಳಿದ್ದು ಎಂದು ಈಗಲೂ ಅನ್ನಿಸುತ್ತದೆ.

ಒಂದು ಬೆಳಗ್ಗೆ ಆಪಾ ಏದುಸಿರು ಬಿಡುತ್ತ ಬಂದರು. ಹಮ್ಮಿಗಿಯ ಅಜ್ಜಿ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಿ ಅತ್ತಿದ್ದಳು. ಅಳಿಯ ಬಂದಿದ್ದನಂತೆ. ಹಣ್ಣು ತಂದಿದ್ದನಂತೆ. ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕೂತಿದ್ದ ಅತ್ತೆಯ ಪಕ್ಕ ಕೂತು ಕೌದಿಯ ಅಂಚು ಹಿಡಿದು ನೋಡಿದನಂತೆ.

"'ಅತ್ತಿ, ಚಂದ ಆಗೈತಿ. ನೂಲು ಎಲ್ಲಿದು?' ಅಂದ್ನಂತ" ಎಂದರು ಆಪಾ. "ಮುದುಕಿ ಸಂತ್ಯಾಗ ತಂದೆ ಅಂದ್ಳಂತ. ಅವ ನಕ್ಕು, 'ಸಂತ್ಯಾಗ ಇಂಥಾ ಗಂಟು ಹಾಕಿದ ನೂಲು ಮಾರ್ತಾರೇನ್ರಿ? ಇದು ಮಗ್ಗದ್ದು' ಅಂದು ಒಂದು ಎಳಿ ಹರಕೊಂಡು ಬೆರಳಿಗೆ ಸುತ್ತಿಗೊಂಡು ಹೋಗ್ಯಾನ."

ಮಗ್ಗದ್ದು ಎಂದ ಮೇಲೆ ಈ ಸೀಮೆಯಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಬೆಟಗೇರಿ. ಆಪಾ ಬೇರೆ ಜಾಗ ನೋಡಿ ಮರುದಿನ ಆಕೆಯನ್ನು ಸಾಗಿಸುವುದೆಂದು ಹೇಳಿ ಹೋದರು. ನಾನು ಅವತ್ತು ಕಾಲೇಜಿಗೆ ಹೋಗಲಿಲ್ಲ. ಪಡಸಾಲೆಯಲ್ಲಿ ಉತ್ತರಪತ್ರಿಕೆ ಹರವಿಕೊಂಡು ಕೂತೆ. ಒಂದನ್ನೂ ಓದಲಾಗಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಬಂದೆ, ಮತ್ತೆ ಎದ್ದೆ.

ಅವನು ಮರುದಿನದವರೆಗೆ ಕಾಯಲಿಲ್ಲ. ಮಧ್ಯಾಹ್ನ ಬಂದ. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಜೋಡಿಸಿಟ್ಟು, ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದ ಅವ್ವನಿಗೆ ಕೈ ಮುಗಿದ.

"ಅಮ್ಮಾರ, ಮದುವಿಗೆ ಸೀರಿ ಬೇಕಾಗ್ಯಾವ್ರಿ. ಈ ಓಣ್ಯಾಗ ಸಿಗ್ತಾವೇನ್ರಿ?"

ಅದೇ ಸಾವಕಾಶದ ದನಿ. ಅವನನ್ನು ನಾನು ಎಂದೂ ನೋಡಿರಲಿಲ್ಲ, ಆದರೆ ಕಿವಿಗಳನ್ನು ನೋಡಿದೊಡನೆ ಗೊತ್ತಾಯಿತು, ಮಗುವಿನ ಕಿವಿಗಳೇ. ಆ ಹೊತ್ತಿಗೇ ಗೊತ್ತಾಯಿತೋ, ಅವನು ಹೋದ ಮೇಲೆ ಕಿವಿ ತಂದು ಜೋಡಿಸಿದೆನೋ, ಆಣೆ ಮಾಡಿ ಹೇಳಲಾರೆ. ಮೇಲಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

"ಬರ್ರಿ, ಒಳಗ ಬರ್ರಿ, ಕುಂಡ್ರಿ" ಎಂದಳು ಅವ್ವ. ಒಳಗೇಕೆ ಕರೆದಳು? "ಯಾವೂರಾತು?"

"ಲಕ್ಷ್ಮೇಶ್ವರ ರೀ."

"ಅಯ್ಯ, ನನ್ನ ತವರುಮನಿ! ಯಾವ ಓಣಿ?"

"ಬಸ್ ಸ್ಟ್ಯಾಂಡ್ ಕಡೆ ರೀ."

"ಬಸ್ ಸ್ಟ್ಯಾಂಡ್ ಕಡೆ ಬಸ್ ಇರ್ತಾವ. ಮನಿ ಎಲ್ಲಿ?"

"ಊರ ಹೊರಗ ಹೊಸಾದು ಕಟ್ಟಿಸೇವ್ರಿ."

"ಮದ್ಲ ಎಲ್ಲಿತ್ತು? ಯಾರ ಪೈಕಿ ನೀವು?" ಅವ್ವ ಮೊರ ಕೆಳಗಿಟ್ಟು ಮೊಣಕಾಲು ಮಡಚಿ ಸರಿಯಾಗಿ ಕೂತಳು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಸಂತೆಯಲ್ಲಿ ನಮ್ಮ ಕಡೆಯ ಮುದುಕಿಯರು ಎಲ್ಲರಿಗೂ ಕೇಳುವ ಪ್ರಶ್ನೆಗಳೇ ಇವು. ಕೇಳಿಸಿಕೊಂಡವರು ಸಿಟ್ಟಾಗುವಂತಿಲ್ಲ. ಅವನು ಯಾವುದೋ ಮನೆತನದ ಹೆಸರು ಹೇಳಿದ. ಆ ಮನೆಯ ದೊಡ್ಡಮ್ಮ ತೀರಿಕೊಂಡಳಂತೆ ಹೌದೇನು ಎಂದಳು ಅವ್ವ. ಹೌದು ಎಂದ. "ತೀರಿಕೊಂಡಿಲ್ಲ, ಮೊನ್ನೆ ಫೋನ್ ಮಾಡಿದ್ಳು" ಎಂದು ಅವ್ವ ನಕ್ಕಳು. ಅವನೂ ನಕ್ಕ.

"ಮದುವಿ ಯಾರದು?"

"ತಂಗೀದು ರೀ."

"ತಂಗಿ ಮದುವಿ ಜವಳಿಗೆ ಗಂಡಸು ಒಬ್ಬನ ಬಂದಿಯೇನಪಾ? ಇಷ್ಟು ವರ್ಷದಾಗ ಇವತ್ತ ನೋಡಿದೆ. ಮನ್ಯಾಗ ಹೆಂಗಸ್ರು ಇಲ್ಲೇನು? ನಿನ್ನ ಹೆಂಡ್ತಿ ಬರಲಿಲ್ಲೇನು?"

ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮ ಬರುತ್ತಲೇ ಇತ್ತು.

"ಆಕಿಗೆ ಆರಾಮಿಲ್ರಿ. ಬಚ್ಚಲದಾಗ ಕಾಲು ಜಾರಿ ಬಿದ್ದಾಳ. ಕೈ ಮುರದೈತಿ" ಎಂದ.

ನನ್ನ ನೆನಪಿನಲ್ಲಿ ಹಾಗೆಂದ. ಅವ್ವ ಹೇಳುವಂತೆ ಅವನು ಆರಾಮಿಲ್ಲ ಎಂದಷ್ಟೇ ಹೇಳಿದ, ಉಳಿದದ್ದು ನಾನು ಸೇರಿಸಿಕೊಂಡದ್ದು. ಇರಬಹುದು.

ಅವ್ವ ಎದ್ದು ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು. "ಜವಳಿ ಗಿರಾಕಿ ಬಂದಾರ, ಸೀರಿ ತೊಗೊಂಡು ಬರ್ರೇ!"

ಎದುರು ಮನೆಯಾಕೆ ಬಂದಳು, ಆಚೆ ಮನೆಯ ಅತ್ತೆ ಸೊಸೆ ಬಂದರು, ಮತ್ತೂ ಬಂದರು. ಪಡಸಾಲೆ ತುಂಬಿತು. ಅವನ ಮತ್ತು ಮೆಟ್ಟಿಲಿನ ನಡುವೆ ಹೆಂಗಸರು ಸೀರೆ ಬಿಚ್ಚಿ ಹರವಿಕೊಂಡು ಕೂತುಬಿಟ್ಟರು. ದಾಟಬೇಕೆಂದರೆ ಸೀರೆ ತುಳಿಯಬೇಕು.

"ಹುಡುಗಿ ಬಣ್ಣ ಹೆಂಗೈತಿ? ಕೆಂಪೋ ಕಪ್ಪೋ?"

"ಸಾಧಾರಣ ರೀ."

"ಸಾಧಾರಣ ಅಂದ್ರ ಕಪ್ಪ ಬಿಡು. ತಂಗೀ ಬಣ್ಣ ಹೇಳಾಕ ಯಾಕ ನಾಚತಿ? ಇದು ನೋಡು, ಅಂಚು ನೋಡು."

"ಮ್ಯಾಲ ಯಾರದಾರ್ರಿ?" ಎಂದ ಅವನು, ಮೆಲ್ಲಗೆ.

"ನರ್ಸಿಂಗ್ ಹುಡುಗ್ಯಾರು. ಇಂಜೆಕ್ಷನ್ ಬೇಕೇನು?" ಎಂದಳು ಎದುರು ಮನೆಯಾಕೆ. ಎಲ್ಲರೂ ನಕ್ಕರು.

ಕೊನೆಗೆ ತಾನು ಹೇಳಿದ ಸುಳ್ಳಿಗೆ ತಾನೇ ಸಿಕ್ಕಿಬಿದ್ದು ಅವನು ಒಂದು ಸೀರೆ ಕೊಂಡ. ಚೌಕಾಶಿ ಮಾಡಲಿಲ್ಲ. "ಚೌಕಾಶಿ ಮಾಡಲಾರದ ಜವಳಿ ಗಿರಾಕಿ, ದೇವರ ಬಂದಂಗಾತು" ಎಂದಳು ಸೀರೆ ಮಾರಿದಾಕೆ, ಅವನು ಇನ್ನೂ ಚಪ್ಪಲಿ ಮೆಟ್ಟುತ್ತಿರುವಾಗಲೇ. ಹೋಗುವ ಮೊದಲು ಅವನು ಪಡಸಾಲೆಯನ್ನು ಒಮ್ಮೆ ಸುತ್ತ ನೋಡಿದ. ಗೋಡೆಗೂಡಿನ ಕಡೆ ನೋಡಿದಂತೆ ಕಂಡಿತು.

ಸಂಜೆಗೆ ಮೊದಲೇ ಆಪಾ ಬಂದರು. ಆಕೆ ಕೆಳಗಿಳಿದು ಬಂದಳು, ಕೈಯಲ್ಲಿ ಇನ್ನೂ ಹಿಟ್ಟು. ಪ್ಲಾಸ್ಟರು ಬಿಚ್ಚಿ ಕೆಲವೇ ದಿನವಾಗಿತ್ತು, ಬಲಗೈಯಲ್ಲೇ ಬಡಿಯುತ್ತಿದ್ದಳು. ಅವ್ವ ಮೇಲೆ ಹೋಗಿ ನೋಡಿದರೆ ರೊಟ್ಟಿಯ ಗುಡ್ಡವೇ ಇತ್ತಂತೆ.

"ದನಿ ಕೇಳಿದ್ಯೇನವಾ?" ಎಂದರು ಆಪಾ.

"ಕೇಳಿದ್ನಿ. ಬಡಿಯೋದು ಬಿಡಲಿಲ್ರಿ. ಸಪ್ಪಳ ನಿಂತಿದ್ರ ಅವಗ ಗೊತ್ತಾಗ್ತಿತ್ತು. ನಮ್ಮನ್ಯಾಗೂ ಅವ ಬಂದ ಕೂಡ್ಲೆ ನನ್ನ ಕೈ ನಿಲ್ತಿದ್ವು."

ಆಗ ಎದ್ದದ್ದು ಡಬ್ಬಿಯ ಮಾತು. ಹಿಂದಿನ ದಿನ ಬುತ್ತಿ ಬಂದಿತ್ತು. ಅದರ ಮುಚ್ಚಳದ ಮೇಲೆ ಅವನದೇ ಹೆಸರು. ಕಂಡಿದ್ದರೆ ಅವನಿಗೆ ಬೇರೇನೂ ಬೇಕಿಲ್ಲ. ತೊಳೆದ ಡಬ್ಬಿಯನ್ನು ಗೋಡೆಗೂಡಿನಲ್ಲಿ ಇಟ್ಟದ್ದು ನೆನಪು ಎಂದೆ. ಮೇಲೆಯೇ ಇತ್ತು ಎಂದಳು ಅವ್ವ. ಬೆಳಿಗ್ಗೆ ಕೆಳಗೆ ತಂದೆನೋ ಏನೋ ಎಂದಳು ಆಕೆ. ಈಗ ಅದು ಅಡುಗೆಮನೆಯಲ್ಲಿ ಇತ್ತು. ಗದ್ದಲದಲ್ಲಿ ಹೆಂಗಸರು ಯಾರೋ ಒಳಗೆ ತೆಗೆದಿಟ್ಟಿರಬಹುದು, ಮೊದಲಿನಿಂದ ಅಲ್ಲೇ ಇದ್ದಿರಲೂಬಹುದು.

"ಸಾಹೇಬ್ರ, ಕಂಡಾನೋ ಇಲ್ಲೋ? ಒಂದು ಮಾತು ಹೇಳ್ರಿ" ಎಂದರು ಆಪಾ. ಅವರಿಗೂ ಕಷ್ಟವಿತ್ತು. ಮರುದಿನಕ್ಕೆ ಗೊತ್ತುಮಾಡಿದ್ದ ಜಾಗ ದೂರದ್ದು. ಅವನು ಸುಳಿವು ಸಿಗದೆ ಹೋಗಿದ್ದರೆ ಸಾಗಿಸುವುದೇ ಬೇಕಿರಲಿಲ್ಲ. ಮಗು ಈಗ ತಾನೇ ಹೊಂದಿಕೊಂಡಿತ್ತು, ತಾಯಿ ಪಕ್ಕದ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುವುದನ್ನು ಕಲಿಯುತ್ತಿದ್ದಳು, ವಕೀಲರು ಹತ್ತಿರವಿದ್ದರು.

"ಹೇಳಾಕ ಬರಂಗಿಲ್ಲ ಆಪಾ. ಹೌದು ಅಂದ್ರೂ ತಪ್ಪಾಗತೈತಿ, ಇಲ್ಲ ಅಂದ್ರೂ ತಪ್ಪಾಗತೈತಿ."

ಹೆಣ್ಣುಮಗಳು ಸೆರಗಿಗೆ ಕೈ ಒರೆಸಿಕೊಂಡಳು. "ಅಣ್ಣಾರಿಗೆ ಖಾತ್ರಿ ಇಲ್ಲಲ್ಲ? ಹಂಗಾರ ಕಂಡಾನ ಅಂತ ಹಿಡಕೊಂಡು ನಾ ಹೊಂಟೆ. ಹೋದ ಸಲ ಇನ್ನ ಮ್ಯಾಲ ಹೊಡೀಲಿಕ್ಕಿಲ್ಲ ಅಂತ ಹಿಡಕೊಂಡು ಹೋಗಿದ್ನಿ. ಅವಾಗೂ ಖಾತ್ರಿ ಇರಲಿಲ್ಲ."

ಖಾತ್ರಿಯಿಲ್ಲದಿದ್ದರೆ ತೀರ್ಮಾನ ಮುಂದೂಡು ಎಂದು ನನಗೆ ಕಲಿಸಿದ್ದರು. ಮುಂದೂಡಲು ಆಕೆಗೆ ಜಾಗವಿರಲಿಲ್ಲ.

ಹೇಗೆ ಹೊರಗೆ ಕಳಿಸುವುದು ಎಂದು ನಾನು ಚಡಪಡಿಸುತ್ತಿದ್ದಾಗ ಓಣಿಯ ಹೆಂಗಸರು ಸೀರೆಯ ಗಂಟು ಹೊತ್ತು ಮತ್ತೆ ಬಂದರು. ಆಕೆಯ ತಲೆಯ ಮೇಲೂ ಒಂದು ಗಂಟು. ಮಗು ಎದುರು ಮನೆಯಾಕೆಯ ಸೊಂಟದಲ್ಲಿ. ಜವಳಿ ತೋರಿಸಲು ಹೊರಟವರ ಹಾಗೆ ಎಲ್ಲರೂ ಗುಂಪಾಗಿ ಮಾತಾಡುತ್ತ ಓಣಿ ದಾಟಿ ಟಂಟಂ ಆಟೋ ಹತ್ತಿದರು. ನಾನು ಎದುರು ಮನೆಯ ಮುದುಕನನ್ನು ಕೇಳಿದೆ, ನಿಮ್ಮ ಮಂದಿಗೆ ಇದೆಲ್ಲ ಯಾವಾಗ ಗೊತ್ತಾಯಿತು?

"ನರ್ಸಿಂಗ್ ಹುಡುಗ್ಯಾರಿಗೆ ಕೂಸು ಎಲ್ಲಿಂದ ಬರ್ತಾವ ತಮ್ಮಾ? ನಾವೇನು ಕುರುಡ್ರೇನು?" ಎಂದು ಅವನು ಬೀಡಿ ಹಚ್ಚಿದ.

ಎಲ್ಲಿಗೆ ಕರೆದುಕೊಂಡು ಹೋದರೆಂದು ಆಪಾ ನನಗೆ ಹೇಳಲಿಲ್ಲ. ಮೇಲಿದ್ದ ಇನ್ನೊಬ್ಬ ಹೆಂಗಸನ್ನೂ ಬೇರೆಡೆಗೆ ಕಳಿಸಿದರು. ಬುತ್ತಿಯನ್ನು ಮಾತ್ರ ನಿಲ್ಲಿಸಬೇಡಿ ಎಂದರು. "ನೂಲು ಕಂಡ ಮ್ಯಾಲ ಬುತ್ತಿ ಮ್ಯಾಲೂ ಅವನ ಕಣ್ಣು ಇರತೈತಿ. ಅದು ನಿಂತ್ರ ಬ್ಯಾರೆ ಕಡೆ ಹುಡುಕಾಕ ಹತ್ತತಾನ. ಬರ್ತಾ ಇದ್ರ ಇಲ್ಲೇ ಎಲ್ಲೋ ಅದಾಳ ಅಂತ ಇದರ ಸುತ್ತನ ತಿರುಗ್ತಾನ. ತಿರುಗ್ಲಿ."

ಒಂದೆರಡು ದಿನ ಬಿಟ್ಟು ಒಂದು ಗಾಡಿ ಬಂತು. ಅವನು, ಆಕೆಯ ಅಣ್ಣ, ಪಟಕಾ ಸುತ್ತಿದ ಹಿರಿಯರು. ಮೇಲೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಕೇಳಿದ್ದೇ ತಡ ಅಣ್ಣನಾದವನು ಮೆಟ್ಟಿಲು ಹತ್ತಿ ಓಡಿದ. ಅಲ್ಲಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಅವ್ವ ಕೂತಿದ್ದಳು.

"ಯಾಕ್ರಪಾ, ಹಸಿವಾಗೈತೇನು? ಕೈ ತೊಳಕೊಳ್ರಿ, ಕುಂಡ್ರಿ" ಎಂದಳಂತೆ. ಕೋಣೆಯೆಲ್ಲ ಖಾಲಿ. ಹಿರಿಯರು ನಾಚಿಕೊಂಡು ಇಳಿದು ಬಂದರು.

ಹಾಗಾದರೆ ಅವನು ಡಬ್ಬಿ ಕಂಡಿದ್ದನೇ? ಹೌದು ಎಂದುಕೊಂಡೆ. ಆದರೆ ಆ ಗಾಡಿ ನಮ್ಮ ಮನೆಗೆ ಬರುವ ಮೊದಲು ಇನ್ನೆರಡು ಮನೆಗಳ ಮುಂದೆಯೂ ನಿಂತಿತ್ತು ಎಂದು ಆಮೇಲೆ ಗೊತ್ತಾಯಿತು. ಆಕೆ ಹೋದದ್ದಂತೂ ಸರಿಯಾಯಿತು. ಯಾಕೆ ಸರಿಯಾಯಿತು ಎಂಬುದು ಇನ್ನೂ ಬಗೆಹರಿದಿಲ್ಲ.

ಮುಂದಿನ ವಾರದಿಂದ ಬಸ್ ಸ್ಟ್ಯಾಂಡಿಗೆ ಹೋಗುವುದು ನನಗೆ ಶಿಕ್ಷೆಯಾಯಿತು. ಎದುರಿಗೆ ಬಂದ ಪ್ರತಿ ಗಂಡಸಿನ ಕಿವಿ ನೋಡುತ್ತಿದ್ದೆ. ಬುತ್ತಿ ತಂದು ನಾವೇ ಉಣ್ಣುತ್ತಿದ್ದೆವು. ಡಬ್ಬಿ ತಿರುಗಿ ಕಳಿಸುವ ಹೊತ್ತಿಗೆ ಖಾಲಿಯೇ ಹೋಗಲಿ ಎಂದೆ. ಅವ್ವ ಒಪ್ಪಲಿಲ್ಲ. "ಖಾಲಿ ಕಂಡ್ರ ಆಕಿ ತಾಯಿ ಎದಿ ಒಡಕೊಂತಾಳ. ಮಗಳಿಗೆ ಏನಾತೋ ಅಂತಾಳ." ಸ್ವಲ್ಪ ಯೋಚಿಸಿ ಒಂದು ಹಿಡಿ ಸಕ್ಕರೆ ಹಾಕಿದಳು. "ಸಕ್ಕರಿ ನೋಡಿ ಯಾವೂರು ಅಂತ ಹೇಳಾಕ ಬರಂಗಿಲ್ಲ." ಆಮೇಲೆ ಪ್ರತಿ ವಾರ ಸಕ್ಕರೆಯೇ ಹೋಯಿತು.

ವಿಚಾರಣೆಯ ದಿನ ಆಕೆ ಕೋರ್ಟಿಗೆ ಬಂದಳಂತೆ, ಹೇಳಬೇಕಾದ್ದು ಹೇಳಿದಳಂತೆ. ಅವನು ದೂರವಿರಬೇಕು, ಕೋಣೆಯ ಬಾಡಿಗೆ ಕೊಡಬೇಕು ಎಂದು ಸದ್ಯಕ್ಕೆ ಆದೇಶವಾಯಿತು. ಕೇಸು ಇನ್ನೂ ನಡೆಯಬೇಕು. ಆದೇಶದ ಕಾಗದದಿಂದ ಅವನು ದೂರ ಇರುತ್ತಾನೆಯೇ ಎಂದು ಆಪಾ ಅವರನ್ನು ಕೇಳಿದೆ. "ಇದ್ರ ಚಲೋ. ಇರಲಿಲ್ಲಂದ್ರ ಈಗ ಪೊಲೀಸರು ಇಲ್ಲ ಅನ್ನಾಕ ಬರಂಗಿಲ್ಲ" ಎಂದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ.

ಆ ವಾರ ಬಸ್ಸು ಬಂದಾಗ ಕಂಡಕ್ಟರ್ ಬರಿಗೈ ತೋರಿಸಿದ. "ಸರ್ರ, ಇವತ್ತ ಡಬ್ಬಿ ಇಲ್ಲ. ಡಬ್ಬಿ ಕಳಸಾಕಿನ ಹತ್ತಿ ಬಂದಾಳ."

ಹಿಂದಿನ ಬಾಗಿಲಿನಿಂದ ಮುದುಕಿಯೊಬ್ಬಳು ಇಳಿದಳು. ಬಗಲಲ್ಲಿ ದೊಡ್ಡ ಗಂಟು, ಅದರ ಬಾಯಿಂದ ಕೌದಿಯ ಅಂಚು ಹೊರಬಿದ್ದಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸಕ್ಕರಿ ಹಾಕಿ ಕಳಸ್ತಿದ್ದವ್ರು ನೀವ ಏನ್ರಿ?"

"ನಮ್ಮವ್ವ ರೀ."

"ಮಗಳ ಕಡೆ ಹೊಂಟೀನಿ. ಟೀಚರ್ ಬಾಯಾರು ಕರಕೊಂಡು ಹೊಕ್ಕೀನಿ ಅಂದಾರ. ಮಗ ಬ್ಯಾಡ ಅಂದ. ಕೇಳಲಿಲ್ಲ." ಗಂಟು ಬಿಚ್ಚಿ ಕೌದಿ ತೋರಿಸಿದಳು. ಮೂರು ಮೂಲೆಯವರೆಗೂ ಬಣ್ಣದ ನೂಲಿನ ಸಾಲುಗಳು ಒತ್ತೊತ್ತಾಗಿ ಬಂದು, ನಾಲ್ಕನೆಯದರಲ್ಲಿ ನಿಂತುಹೋಗಿದ್ದವು. "ಒಂದು ಮೂಲಿ ಉಳದೈತ್ರಿ. ಬ್ಯಾರೆ ದಾರ ಹಾಕಾಕ ಮನಸ ಬರವಲ್ದು. ಆ ನೂಲು ಇನ್ನೊಂದಿಷ್ಟು ಸಿಗತೈತೇನು?"

ಇದನ್ನು ಬಸ್ ಸ್ಟ್ಯಾಂಡಿನ ನಡುವೆ, ಜೋರಾಗಿಯೇ ಕೇಳಿದಳು. ಯಾವ ಓಣಿಯ ನೂಲು, ಯಾರು ಹಾಕಿದ ನೂಲು ಎಂದು ಆಕೆಗೆ ಪರಿವೆಯೇ ಇರಲಿಲ್ಲ. ಸಿಗುತ್ತದೆ ಎನ್ನಲು ನಾನು ಬಾಯಿ ತೆರೆದೆ. ಅನ್ನುವ ಮೊದಲು ತಿರುಗಿ ಸುತ್ತ ನೋಡಿದೆ.